ಸುಟ್ಟಗಾಯಕ್ಕೆ ಚರ್ಮವೇ ಮದ್ದು: ಚರ್ಮ ಕಸಿ ಮತ್ತು ಚರ್ಮದಾನ

ಒಲೆ ಉರಿಯುವ ಮನೆಯಲ್ಲಿ, ದೀಪ ಬೆಳಗುವ ಮನೆಯಲ್ಲಿ ಸುಟ್ಟಗಾಯದ ಭಯ ಇದ್ದೇ ಇರುತ್ತದೆ. ಜಾತ್ರೆ, ಮದುವೆ, ದಾಸೋಹಗಳಲ್ಲಿ ಕುದಿಯುವ ಸಾರಿನ ಕೊಪ್ಪರಿಗೆಗಳ ನಡುವೆ ಮಕ್ಕಳು ಓಡಾಡುತ್ತಿರುತ್ತಾರೆ. ಕಾರ್ತಿಕದ ದೀಪಗಳ ಮುಂದೆ ಸೆರಗು ಜಾರುತ್ತದೆ. ಅಡುಗೆ ಅನಿಲ ಸೋರಿದ್ದು ತಿಳಿಯದೆ ಕಡ್ಡಿ ಗೀರುವವರಿದ್ದಾರೆ. ಬೆಂಕಿ ಆರಿದೊಡನೆ ಅಪಾಯ ಮುಗಿಯಿತೆಂದು ನಾವು ನಿಟ್ಟುಸಿರು ಬಿಡುತ್ತೇವೆ. ವಾಸ್ತವದಲ್ಲಿ ಆಳವಾದ ಸುಟ್ಟಗಾಯದ ಕಷ್ಟ ಆರಂಭವಾಗುವುದು ಅಲ್ಲಿಂದಲೇ.

ಈ ಲೇಖನವನ್ನು ನಮ್ಮದೇ ತಪ್ಪೊಂದನ್ನು ಒಪ್ಪಿಕೊಂಡು ಆರಂಭಿಸುವುದು ಉಚಿತ. ಸುಮಾರು 35 ವರ್ಷಗಳ ಹಿಂದಿನ ಮಾತು. ಮದುವೆಮನೆಯೊಂದರಲ್ಲಿ ಅನ್ನ ಬಸಿಯುತ್ತಿದ್ದ ಕುದಿಗಂಜಿ ಒಂಬತ್ತು ವರ್ಷದ ಬಾಲಕಿಯ ಬಲಗೈಯ ಹಿಂಬದಿಗೆ ಬಿದ್ದಿತು. ತಾಯಿ ಮಗುವನ್ನು ನಮ್ಮಲ್ಲಿಗೆ ಕರೆತಂದರು. ನಾವು ಶ್ರದ್ಧೆಯಿಂದಲೇ ಚಿಕಿತ್ಸೆ ಮಾಡಿದೆವು. ದಿನ ಬಿಟ್ಟು ದಿನ ಗಾಯ ತೊಳೆದು ಘೃತ ಲೇಪಿಸಿ ಪಟ್ಟಿ ಕಟ್ಟಿದೆವು. ಎರಡು ತಿಂಗಳಲ್ಲಿ ಗಾಯ ಮುಚ್ಚಿತು. ಮನೆಯವರು ಸಂತೋಷಪಟ್ಟರು, ನಾವೂ ಹಿಗ್ಗಿದೆವು. ಆದರೆ ಮುಂದಿನ ತಿಂಗಳುಗಳಲ್ಲಿ ಆ ಕಲೆ ಗಟ್ಟಿಯಾಗಿ ಬಿಗಿಯತೊಡಗಿ ಬೆರಳುಗಳನ್ನು ಹಿಂದಕ್ಕೆ ಸೆಳೆಯಿತು. ಮುಷ್ಟಿ ಕಟ್ಟಲು ಬಾರದಾಯಿತು, ಬಳಪ ಹಿಡಿಯುವುದೂ ಕಷ್ಟವಾಯಿತು. ಕೊನೆಗೆ ನಗರದ ದೊಡ್ಡ ಆಸ್ಪತ್ರೆಯ ಶಸ್ತ್ರವೈದ್ಯರು ಆ ಬಿಗಿತವನ್ನು ಬಿಡಿಸಿ, ತೊಡೆಯ ಚರ್ಮ ತೆಗೆದು ಕೈಗೆ ಕಸಿ ಮಾಡಿದರು. ಅವರು ನಮ್ಮನ್ನು ನಿಂದಿಸಲಿಲ್ಲ. "ಡಾಕ್ಟರೇ, ಮೂರು ವಾರ ತುಂಬುವ ಮೊದಲೇ ಕಳಿಸಿಕೊಟ್ಟಿದ್ದರೆ ಕೈ ಇಷ್ಟು ಕೆಡುತ್ತಿರಲಿಲ್ಲ" ಎಂದಷ್ಟೇ ಹೇಳಿದರು. ಗಾಯ ಮುಚ್ಚುವುದು ಬೇರೆ, ಚರ್ಮ ಬರುವುದು ಬೇರೆ ಎಂಬ ಪಾಠವನ್ನು ನಾವು ಅಂದು ಕಲಿತೆವು.

ಚರ್ಮ ತಾನೇ ಬೆಳೆಯುವುದು ಯಾವಾಗ?

ಚರ್ಮವು ಶರೀರದ ಅತ್ಯಂತ ವಿಶಾಲವಾದ ಅಂಗ. ವಯಸ್ಕರಲ್ಲಿ ಅದರ ವಿಸ್ತಾರ ಒಂದೂವರೆಯಿಂದ ಎರಡು ಚದರ ಮೀಟರ್. ಒಳಗಿನ ನೀರು ಆರಿಹೋಗದಂತೆ, ಹೊರಗಿನ ರೋಗಾಣುಗಳು ಒಳಹೊಗದಂತೆ, ಮೈಯ ಬಿಸಿ ಹದ ತಪ್ಪದಂತೆ ಅದು ಹಗಲಿರುಳು ಕಾಯುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಮೇಲಿನದು ತೆಳುವಾದ ಹೊರಚರ್ಮ. ಅದರ ಕೆಳಗಿನದು ರಕ್ತನಾಳ, ನರ, ಬೆವರುಗ್ರಂಥಿ ಮತ್ತು ಕೂದಲಿನ ಬೇರುಗಳಿರುವ ದಪ್ಪನೆಯ ಒಳಚರ್ಮ.

ಇಲ್ಲಿ ಒಂದು ಸೂಕ್ಷ್ಮವಿದೆ. ಹೊರಚರ್ಮವನ್ನು ಮತ್ತೆ ಬೆಳೆಸಬಲ್ಲ ಜೀವಕೋಶಗಳು ಕೂದಲಿನ ಬೇರು ಹಾಗೂ ಬೆವರುಗ್ರಂಥಿಗಳ ಗೋಡೆಗಳಲ್ಲಿಯೂ ಇರುತ್ತವೆ. ಬೆಂಕಿ ಮೇಲ್ಪದರವನ್ನಷ್ಟೇ ಸುಟ್ಟರೆ ಈ ಬೇರುಗಳು ಉಳಿಯುತ್ತವೆ. ಮಳೆ ಬಿದ್ದ ಮೇಲೆ ಗರಿಕೆ ಬೇರಿನಿಂದ ಹುಲ್ಲು ಚಿಗುರುವಂತೆ ಅಲ್ಲಿಂದ ಹೊಸ ಚರ್ಮ ಹಬ್ಬುತ್ತದೆ. ಒಳಚರ್ಮವೂ ಪೂರ್ತಿ ಬೆಂದುಹೋದರೆ ಚಿಗುರಲು ಬೇರೇ ಇರುವುದಿಲ್ಲ. ಆಗ ಗಾಯದ ಅಂಚಿನಿಂದ ಮಾತ್ರ ಚರ್ಮ ನಿಧಾನವಾಗಿ ಒಳಸರಿಯಬೇಕು. ಅಗಲವಾದ ಗಾಯಕ್ಕೆ ಅದು ಸಾಲದು. ನಡುವಿನ ಜಾಗವನ್ನು ಶರೀರವು ಕಲೆಯ ಅಂಗಾಂಶದಿಂದ ತುಂಬುತ್ತದೆ, ಆ ಅಂಗಾಂಶಕ್ಕೆ ಕುಗ್ಗುವ ಸ್ವಭಾವವಿದೆ. ಆ ಬಾಲಕಿಯ ಬೆರಳುಗಳನ್ನು ಸೆಳೆದದ್ದು ಇದೇ.

ಆದ್ದರಿಂದ ಒಂದು ನಿಯಮವನ್ನು ನೆನಪಿಡಬೇಕು. ಎರಡು ವಾರ ಕಳೆದರೂ ಗುಣದ ಹಾದಿ ಹಿಡಿಯದ, ಮೂರು ವಾರದೊಳಗೆ ತಾನಾಗಿ ಮಾಯುವ ಲಕ್ಷಣ ತೋರದ ಸುಟ್ಟಗಾಯಕ್ಕೆ ಚರ್ಮ ಕಸಿ ಬೇಕಾಗಬಹುದು. ಚರ್ಮ ಬಿಳಿಯಾಗಿ, ಕಂದಾಗಿ ಅಥವಾ ಕರಕಾಗಿ, ತೊಗಲಿನಂತೆ ಬಿರುಸಾಗಿ, ಮುಟ್ಟಿದರೆ ನೋವೇ ತಿಳಿಯದಂತಿದ್ದರೆ ಮೂರು ವಾರ ಕಾಯಲೂಬಾರದು. "ನೋವಿಲ್ಲ, ಹಾಗಾದರೆ ಗಾಯ ಸಣ್ಣದು" ಎಂದು ಅನೇಕರು ತಿಳಿಯುತ್ತಾರೆ. ನೋವು ಹೇಳಬೇಕಾದ ನರಗಳೇ ಸುಟ್ಟುಹೋಗಿವೆ ಎಂಬುದು ಅದರ ಅರ್ಥ.

ಸುಶ್ರುತನು ಹೇಳಿದ್ದು

ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯದಲ್ಲಿ ಸುಟ್ಟಗಾಯಗಳನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ. ಬಣ್ಣಗೆಟ್ಟು ಉರಿಯುವುದು ಪ್ಲುಷ್ಟ, ಗುಳ್ಳೆ ಎದ್ದು ತೀವ್ರ ವೇದನೆಯಾಗುವುದು ದುರ್ದಗ್ಧ. ಮಾಂಸ ಜೋಲುಬಿದ್ದು, ಸಿರೆ ಸ್ನಾಯು ಸಂಧಿಗಳವರೆಗೂ ಹಾನಿ ತಲುಪಿ, ಜ್ವರ ಬಾಯಾರಿಕೆ ಮೂರ್ಛೆಗಳು ಕಾಣುವುದು ಅತಿದಗ್ಧ. ಅತಿದಗ್ಧಕ್ಕೆ ಹೇಳಿದ ಚಿಕಿತ್ಸೆಯಲ್ಲಿ ಸತ್ತು ಜೋತ ಮಾಂಸವನ್ನು ತೆಗೆಯಬೇಕೆಂದಿದೆ, ಬಳಿಕ ಗಾಯವನ್ನು ಅಮೃತಬಳ್ಳಿಯ ಎಲೆಗಳಿಂದಲೋ ನೀರಿನಲ್ಲಿ ಬೆಳೆಯುವ ಸಸ್ಯಗಳ ಎಲೆಗಳಿಂದಲೋ ಮುಚ್ಚಬೇಕೆಂದಿದೆ. ಸತ್ತದ್ದನ್ನು ತೆಗೆ, ತೆರೆದದ್ದನ್ನು ಮುಚ್ಚು: ಈ ಎರಡು ಸೂತ್ರಗಳು ಇಂದಿಗೂ ಸುಟ್ಟಗಾಯ ಚಿಕಿತ್ಸೆಯ ತಳಹದಿಯಾಗಿವೆ.

ಆದರೆ ಎಲ್ಲವೂ ಅಲ್ಲಿಯೇ ಇದೆ ಎಂದರೆ ಅದು ಸುಶ್ರುತನಿಗೆ ಸಲ್ಲಿಸುವ ಗೌರವವಲ್ಲ. ಪ್ಲುಷ್ಟಕ್ಕೆ ಬಿಸಿ ಉಪಚಾರವನ್ನು ಅಲ್ಲಿ ಹೇಳಿದೆ. ಇಂದಿನ ಅನುಭವ ತಣ್ಣೀರಿನ ಪರವಾಗಿದೆ, ನಾವೂ ಅದನ್ನೇ ಅನುಸರಿಸುತ್ತೇವೆ. ಹಾಗೆಯೇ ಸುಶ್ರುತನ ಹೆಸರಿನೊಂದಿಗೆ ಪ್ರಸಿದ್ಧವಾದ ನಾಸಿಕಾ ಸಂಧಾನವು ಚರ್ಮವನ್ನು ಒಂದು ಬದಿಯಲ್ಲಿ ಅಂಟಿಕೊಂಡಂತೆಯೇ ಇಟ್ಟು ತಿರುಗಿಸಿ ಕೂಡಿಸುವ ವಿಧಾನ. ಆ ತುಂಡಿಗೆ ರಕ್ತ ತನ್ನ ಮೂಲದಿಂದಲೇ ಹರಿಯುತ್ತಿರುತ್ತದೆ. ಮೈಸೂರು ಯುದ್ಧದ ಕಾಲದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ ಕೌಸ್ಜಿ ಎಂಬ ಗಾಡಿಯಾಳಿಗೆ ಪುಣೆಯ ಕಡೆಯ ಒಬ್ಬ ದೇಶೀಯ ಕುಶಲಿಯು ಹಣೆಯ ಚರ್ಮದಿಂದ ಮೂಗು ಕಟ್ಟಿದ ವೃತ್ತಾಂತ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ, ಯುರೋಪಿನ ವೈದ್ಯರ ಕಣ್ಣು ತೆರೆಸಿತು. ಸುಟ್ಟಗಾಯದ ಕಸಿ ಇದಕ್ಕಿಂತ ಭಿನ್ನವಾದುದು. ಇಲ್ಲಿ ಚರ್ಮವನ್ನು ಪೂರ್ತಿ ಬೇರ್ಪಡಿಸಿ ಬೇರೆಡೆ ಇಡಲಾಗುತ್ತದೆ. ಈ ವಿಧಾನಕ್ಕೆ ಆಧುನಿಕ ವೈದ್ಯದಲ್ಲಿ ದಾರಿ ತೆರೆದವರು 1869ರಲ್ಲಿ ಪ್ಯಾರಿಸ್ಸಿನಲ್ಲಿ ಚರ್ಮದ ಚಿಕ್ಕ ಚೂರುಗಳನ್ನು ಗಾಯದ ಮೇಲೆ ನೆಟ್ಟು ತೋರಿಸಿದ ರೆವೆರ್ಡಿನ್ ಅವರು.

ಮೊದಲ ಗಂಟೆಯ ಕರ್ತವ್ಯ

ಕಸಿಯ ಫಲ ಮೊದಲ ಗಂಟೆಯಲ್ಲಿ ಮನೆಯವರು ಏನು ಮಾಡುತ್ತಾರೆಂಬುದನ್ನೂ ಅವಲಂಬಿಸಿದೆ. ಬಟ್ಟೆಗೆ ಬೆಂಕಿ ತಗುಲಿದವರು ಓಡಬಾರದು. ನೆಲದ ಮೇಲೆ ಉರುಳಬೇಕು, ಇತರರು ದಪ್ಪ ಕಂಬಳಿ ಹೊದಿಸಿ ಬೆಂಕಿ ಆರಿಸಬೇಕು, ಆರಿದೊಡನೆ ಕಂಬಳಿ ತೆಗೆಯಬೇಕು. ಸುಟ್ಟ ಭಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು, ಮಂಜುಗಡ್ಡೆ ಇಡಬಾರದು. ಬಾವು ಬರುವ ಮುನ್ನ ಬಳೆ, ಉಂಗುರ, ಕಾಲುಂಗುರಗಳನ್ನು ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬಾರದು. ಒಗೆದ ಶುಭ್ರ ಬಟ್ಟೆ ಹೊದಿಸಿ 108 ವಾಹನಕ್ಕೆ ಕರೆ ಮಾಡಬೇಕು.

ಟೂತ್‌ಪೇಸ್ಟ್, ಶಾಯಿ, ಕಾಫಿಪುಡಿ, ಹಿಟ್ಟು, ಅರಿಶಿನ, ಬೂದಿ ಇವುಗಳಲ್ಲಿ ಯಾವುದನ್ನೂ ಹಚ್ಚಬಾರದು. ಆಯುರ್ವೇದ ವೈದ್ಯರಾದ ನಾವೇ ಹೇಳುತ್ತಿದ್ದೇವೆ, ಆ ಹೊತ್ತಿನಲ್ಲಿ ತುಪ್ಪವನ್ನೂ ಹಚ್ಚಬೇಡಿ. ಶತಧೌತ ಘೃತವು ಅಂಗೈಗಿಂತ ಚಿಕ್ಕದಾದ ಮೇಲ್ಮೈ ಸುಡಿಗೆ, ತಣ್ಣಗಾದ ಬಳಿಕ, ವೈದ್ಯರು ನೋಡಿ ಹೇಳಿದರೆ ಹಿತವಾದೀತು. ಆಳದ ಗಾಯಕ್ಕೆ ಹಚ್ಚಿದ ಯಾವ ಲೇಪವಾದರೂ ಆಳವನ್ನು ಮರೆಮಾಡುತ್ತದೆ, ಸೋಂಕಿಗೆ ಎಡೆಮಾಡುತ್ತದೆ.

ಎಷ್ಟು ಸುಟ್ಟಿದೆ ಎಂದು ತಿಳಿಯಲು ರೋಗಿಯ ಬೆರಳು ಸಹಿತ ಅಂಗೈಯೇ ಅಳತೆಗೋಲು. ಅದು ಮೈಯ ಸುಮಾರು ಶೇಕಡಾ 1 ಭಾಗ. ಮಕ್ಕಳಲ್ಲಿ ಶೇಕಡಾ 10ಕ್ಕೂ, ದೊಡ್ಡವರಲ್ಲಿ ಶೇಕಡಾ 15ಕ್ಕೂ ಮೇಲಾದರೆ ರಕ್ತನಾಳದ ಮೂಲಕ ದ್ರವ ಕೊಡಲೇಬೇಕು. 50 ಕಿಲೋ ತೂಕದವರಿಗೆ ಶೇಕಡಾ 30 ಸುಟ್ಟಿದ್ದರೆ ರೂಢಿಯ ಲೆಕ್ಕದಂತೆ ಮೊದಲ 24 ಗಂಟೆಗಳಲ್ಲಿ 6 ಲೀಟರ್ ಬೇಕು. ಅದರ ಅರ್ಧ, ಸುಟ್ಟ ಹೊತ್ತಿನಿಂದ 8 ಗಂಟೆಯೊಳಗೆ. ಊರಿನಲ್ಲಿ ಮದ್ದು ಹುಡುಕುತ್ತಾ ಕಳೆದ ಗಂಟೆಗಳು ಎಷ್ಟು ದುಬಾರಿಯೆಂದು ಇದರಿಂದ ತಿಳಿಯುತ್ತದೆ. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ, ಹೊಗೆ ಕುಡಿದಿದ್ದರೆ, ವಿದ್ಯುತ್ತಿನಿಂದ ಸುಟ್ಟಿದ್ದರೆ ಅಳತೆ ಎಷ್ಟೇ ಇರಲಿ ದೊಡ್ಡಾಸ್ಪತ್ರೆಗೇ ಹೋಗಬೇಕು.

ಕಸಿ ಹೇಗೆ ಕೂಡುತ್ತದೆ?

ಹಿಂದೆ ಸತ್ತ ಚರ್ಮ ತಾನಾಗಿ ಕಳಚುವವರೆಗೆ ವಾರಗಟ್ಟಲೆ ಕಾಯುತ್ತಿದ್ದರು. ಸ್ಲೊವೇನಿಯಾದ ಶಸ್ತ್ರವೈದ್ಯೆ ಯಾಂಜೆಕೊವಿಚ್ ಅವರು, ಮೊದಲ ಕೆಲವೇ ದಿನಗಳಲ್ಲಿ ಸತ್ತ ಪದರವನ್ನು ತೆಳುತೆಳುವಾಗಿ ಹೆರೆದು ಕೂಡಲೇ ಕಸಿ ಮಾಡಿದರೆ ಸೋಂಕೂ ನೋವೂ ಕಡಿಮೆಯಾಗುವುದೆಂದು 1970ರಲ್ಲಿ ಪ್ರಕಟಿಸಿದರು. ಇಂದು ಸೌಕರ್ಯವಿರುವ ಕೇಂದ್ರಗಳಲ್ಲಿ ಇದೇ ಪದ್ಧತಿ.

ಕಸಿಗೆ ಬೇಕಾದ ಚರ್ಮವನ್ನು ಸಾಮಾನ್ಯವಾಗಿ ರೋಗಿಯ ತೊಡೆಯಿಂದ ತೆಗೆಯುತ್ತಾರೆ. ಡರ್ಮಟೋಮ್ ಎಂಬ ಉಪಕರಣ ಮಿಲಿಮೀಟರಿನ ನಾಲ್ಕನೆಯ ಒಂದು ಭಾಗದಷ್ಟು ತೆಳುವಾದ ಹಾಳೆಯನ್ನು ಎತ್ತುತ್ತದೆ. ತೊಡೆಯಲ್ಲಿ ಬೇರುಗಳು ಉಳಿದಿರುವುದರಿಂದ ಅಲ್ಲಿ ಎರಡು ವಾರದಲ್ಲಿ ಹೊಸ ಚರ್ಮ ಬರುತ್ತದೆ, ಅಗತ್ಯವಿದ್ದರೆ ಅಲ್ಲಿಂದಲೇ ಮತ್ತೆ ತೆಗೆಯಬಹುದು. "ಒಂದು ಗಾಯ ಮುಚ್ಚಲು ಇನ್ನೊಂದು ಗಾಯವೇ?" ಎಂದು ಮನೆಯವರು ಹೆದರುವುದು ಸಹಜ. ತೊಡೆಯ ಗಾಯ ತಾನೇ ಮಾಯುವ ಗಾಯ, ಸುಟ್ಟದ್ದು ತಾನೇ ಮಾಯದ ಗಾಯ. ಚರ್ಮ ಕಡಿಮೆಯಿದ್ದು ಗಾಯ ದೊಡ್ಡದಿದ್ದರೆ ಹಾಳೆಗೆ ಸಾಲುಸಾಲು ಸೀಳು ಕೊಟ್ಟು ಬಲೆಯಂತೆ ಹಿಗ್ಗಿಸುತ್ತಾರೆ. ಬಲೆಯ ಕಣ್ಣುಗಳ ನಡುವೆ ಚರ್ಮ ಹಬ್ಬಿಕೊಳ್ಳುತ್ತದೆ. ಮುಖ ಮತ್ತು ಕೈಗಳಿಗೆ ಬಲೆ ಮಾಡದ ಇಡೀ ಹಾಳೆಯನ್ನೋ, ದಪ್ಪ ಚರ್ಮವನ್ನೋ ಬಳಸುತ್ತಾರೆ.

ಮಾವಿನ ಕಸಿ ಕಟ್ಟುವ ರೈತನಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ಕಟ್ಟಿದ ಕೊಂಬೆ ಅಲುಗಿದರೆ ಕಸಿ ಕೂಡದು. ಮೊದಲ ಎರಡು ದಿನ ಕಸಿಯ ಚರ್ಮ ಗಾಯದಿಂದ ಒಸರುವ ದ್ರವವನ್ನು ಹೀರಿ ಬದುಕುತ್ತದೆ. ಮೂರನೆಯ ದಿನದ ಹೊತ್ತಿಗೆ ಗಾಯದ ಎಳೆಯ ರಕ್ತನಾಳಗಳು ಕಸಿಯ ನಾಳಗಳ ಬಾಯಿಗೆ ಕೂಡತೊಡಗುತ್ತವೆ. ಐದರಿಂದ ಏಳು ದಿನದೊಳಗೆ ರಕ್ತ ಹರಿದು ಚರ್ಮ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಈ ದಿನಗಳಲ್ಲಿ ಚರ್ಮದಡಿ ರಕ್ತ ನಿಂತರೆ, ಕೀವಾದರೆ, ಜಾಗ ಅಲುಗಿದರೆ ಕಸಿ ಬಿದ್ದುಹೋಗುತ್ತದೆ. ಪಟ್ಟಿ ಬಿಚ್ಚಿ ನೋಡುವ ಕುತೂಹಲವನ್ನು ಮನೆಯವರು ತಡೆದುಕೊಳ್ಳಬೇಕು.

ಕಸಿಯ ನಂತರ

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅರ್ಧ ಕೆಲಸ ಉಳಿದಿರುತ್ತದೆ. ಕಸಿಯ ಚರ್ಮದಲ್ಲಿ ಬೆವರು ಮತ್ತು ಜಿಡ್ಡಿನ ಗ್ರಂಥಿಗಳು ಸರಿಯಾಗಿ ಇರುವುದಿಲ್ಲವಾದ್ದರಿಂದ ಅದು ಒಣಗಿ ಬಿರಿಯುತ್ತದೆ. ಗಾಯ ಸಂಪೂರ್ಣ ಮುಚ್ಚಿತೆಂದು ಶಸ್ತ್ರವೈದ್ಯರು ಹೇಳಿದ ಮೇಲೆ ಕೊಬ್ಬರಿಎಣ್ಣೆಯಿಂದ ದಿನಕ್ಕೆ ಎರಡು ಮೂರು ಬಾರಿ ಮೃದುವಾಗಿ ನೀವಬೇಕು. ನಮ್ಮ ಅಭ್ಯಂಗಕ್ಕೆ ನಿಜವಾದ ಸ್ಥಾನ ಇಲ್ಲಿದೆ. ಬಿಸಿಲು ತಾಗದಂತೆ ಬಟ್ಟೆ ಹೊದಿಸಬೇಕು. ಕಲೆ ಉಬ್ಬದಂತೆ ಬಿಗಿಯಾದ ಒತ್ತಡದ ಉಡುಪನ್ನು ಸ್ನಾನದ ವೇಳೆ ಬಿಟ್ಟು ಉಳಿದೆಲ್ಲ ಹೊತ್ತು, ತಿಂಗಳುಗಟ್ಟಲೆ ಧರಿಸಬೇಕಾಗುತ್ತದೆ. ಕೀಲುಗಳ ವ್ಯಾಯಾಮ ನೋವಾದರೂ ಬಿಡಬಾರದು.

ಹೊಸ ಚರ್ಮ ಅನ್ನದ ಗಂಜಿಯಿಂದ ಬೆಳೆಯದು. ದೊಡ್ಡ ಸುಟ್ಟಗಾಯವಾದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದೂವರೆಯಿಂದ ಎರಡು ಗ್ರಾಂ ಪ್ರೋಟೀನ್ ಬೇಕು. ಸಸ್ಯಾಹಾರಿಗಳಾದ ನಮಗೆ ಬೇಳೆ, ಮೊಳಕೆ ಕಾಳು, ಹಾಲು, ಮೊಸರು, ಪನೀರ್, ಶೇಂಗಾ, ಸೋಯಾಗಳಿಂದ ಇದನ್ನು ತುಂಬಿಸಿಕೊಳ್ಳಲು ಸಾಧ್ಯ. "ಬೇಳೆ ತಿಂದರೆ ಕೀವಾಗುತ್ತದೆ" ಎಂಬ ಪಥ್ಯದ ಭ್ರಮೆಯಿಂದ ರೋಗಿಯನ್ನು ಹಸಿವಿನಲ್ಲಿಡಬೇಡಿ.

ಸ್ವಂತ ಚರ್ಮ ಸಾಲದಾದಾಗ

ಮೈಯ ಅರ್ಧಭಾಗ ಸುಟ್ಟವರಿಗೆ ಚರ್ಮ ಎಲ್ಲಿಂದ ತರುವುದು? ಒಡಹುಟ್ಟಿದವರ ಚರ್ಮ ಹಾಕಬಾರದೇ ಎಂದು ಕೇಳುವವರುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಪೀಟರ್ ಮೆಡಾವರ್ ಮತ್ತು ಥಾಮಸ್ ಗಿಬ್ಸನ್ ಇದನ್ನೇ ಪರೀಕ್ಷಿಸಿದರು. ಅನ್ಯರ ಚರ್ಮ ಮೊದಲು ಕೂಡುತ್ತದೆ, ಆಮೇಲೆ ಬಿದ್ದುಹೋಗುತ್ತದೆ, ಅದೇ ದಾನಿಯ ಚರ್ಮವನ್ನು ಎರಡನೆಯ ಬಾರಿ ಇಟ್ಟರೆ ಇನ್ನೂ ಬೇಗ ಬಿದ್ದುಹೋಗುತ್ತದೆ ಎಂದು 1943ರಲ್ಲಿ ಪ್ರಕಟಿಸಿದರು. ಶರೀರದ ರಕ್ಷಣಾಶಕ್ತಿ ಪರಕೀಯವನ್ನು ಗುರುತಿಸಿ ಹೊರದೂಡುತ್ತದೆ ಎಂಬ ಈ ಅರಿವೇ ಮುಂದೆ ಅಂಗಾಂಗ ಕಸಿಯ ಶಾಸ್ತ್ರಕ್ಕೆ ಬುನಾದಿಯಾಯಿತು. 1960ರಲ್ಲಿ ಮೆಡಾವರ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಒಂದೇ ಅಂಡದ ಅವಳಿಗಳನ್ನು ಬಿಟ್ಟು ಬೇರೆ ಯಾರ ಚರ್ಮವೂ ಶಾಶ್ವತವಾಗಿ ನಿಲ್ಲದು.

ಆದರೆ ಎರಡು ಮೂರು ವಾರ ನಿಂತರೂ ಅದೇ ಮಹದುಪಕಾರ. ಆ ಅವಧಿಯಲ್ಲಿ ದ್ರವ ಸೋರುವುದು ನಿಲ್ಲುತ್ತದೆ, ನೋವು ತಗ್ಗುತ್ತದೆ, ಸೋಂಕು ದೂರವಿರುತ್ತದೆ. ಅಷ್ಟರಲ್ಲಿ ರೋಗಿಯ ತೊಡೆ ಮಾಯ್ದು ಮುಂದಿನ ಕಸಿಗೆ ಸಿದ್ಧವಾಗುತ್ತದೆ. ಹೀಗೆ ಕಾಲ ಗಳಿಸಿಕೊಡುವ ಹೊದಿಕೆಗಳನ್ನು ಚರ್ಮದ ಬದಲಿಗಳೆನ್ನುತ್ತೇವೆ.

ಹೆರಿಗೆಯ ನಂತರ ದೊರೆಯುವ ಗರ್ಭಚೀಲದ ತೆಳುಪೊರೆಯನ್ನು ಸಂಸ್ಕರಿಸಿ ಬಳಸುವುದು ನೂರು ವರ್ಷಕ್ಕೂ ಹಳೆಯ ಪದ್ಧತಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ ಅದನ್ನು ಒಣಗಿಸಿ ವಿಕಿರಣದಿಂದ ಶುದ್ಧಗೊಳಿಸಿ ಒದಗಿಸಿದೆ. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಮಾಧುರಿ ಗೋರೆ ಅವರು ಶುದ್ಧೀಕರಿಸಿದ ಬಾಳೆಲೆಯನ್ನು ಗಾಯದ ಹೊದಿಕೆಯಾಗಿ ಬಳಸಿ, ಅದು ಅಂಟದೆ ನೋವಿಲ್ಲದೆ ಬಿಡುತ್ತದೆಂದು ತೋರಿಸಿದರು. ಅಮೃತಬಳ್ಳಿಯ ಎಲೆ ಹೊದಿಸಿದ ಸುಶ್ರುತನು ಇದನ್ನು ಕಂಡಿದ್ದರೆ ನಸುನಗುತ್ತಿದ್ದನೇನೋ. ಆದರೆ ಬಾಳೆಲೆ ಹೊದಿಕೆ ಮಾತ್ರ, ಚರ್ಮವಲ್ಲ. ಅಮೆರಿಕದ ಬರ್ಕ್ ಮತ್ತು ಯಾನಾಸ್ 1981ರಲ್ಲಿ ಪ್ರಕಟಿಸಿದ ಕೃತಕ ಚರ್ಮದಲ್ಲಿ ಕೊಲಾಜೆನ್ ಎಂಬ ನಾರಿನ ಜಾಲವೂ ಮೇಲೊಂದು ಸಿಲಿಕೋನ್ ಹಾಳೆಯೂ ಇವೆ. ಜಾಲದೊಳಗೆ ರೋಗಿಯ ಜೀವಕೋಶಗಳು ಹೊಕ್ಕು ಹೊಸ ಒಳಚರ್ಮ ಕಟ್ಟುತ್ತವೆ. ಬಳಿಕ ಸಿಲಿಕೋನ್ ತೆಗೆದು ಅತಿ ತೆಳುವಾದ ಸ್ವಂತ ಚರ್ಮ ಹಾಕುತ್ತಾರೆ. ರೋಗಿಯ ಚರ್ಮದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಹಾಳೆ ಮಾಡುವ ವಿಧಾನವೂ ಇದೆ. ಅದಕ್ಕೆ ವಾರಗಳೇ ಬೇಕು, ವೆಚ್ಚವೂ ಅಪಾರ.

ಇಲ್ಲೊಂದು ಮಾತನ್ನು ಭಕ್ತರಿಂದ ಮುಚ್ಚಿಡಲಾಗದು. ಆಸ್ಪತ್ರೆಯಲ್ಲಿ ಬಳಸುವ ಅನೇಕ ಕೊಲಾಜೆನ್ ಹಾಳೆಗಳ ಮೂಲ ದನ ಅಥವಾ ಹಂದಿ. ಆಚಾರವಂತರಿಗೆ ಇದು ಮನಸ್ಸಿಗೆ ಹತ್ತುವ ವಿಷಯ. ಮುಂಚಿತವಾಗಿಯೇ ವೈದ್ಯರನ್ನು ಕೇಳಿ ತಿಳಿಯುವುದು ರೋಗಿಯ ಹಕ್ಕು, ಬೇರೆ ಹೊದಿಕೆ ಸಿಗಬಹುದು. ಬೇರೆ ದಾರಿಯಿಲ್ಲದೆ ಪ್ರಾಣವೇ ಪಣವಾದಾಗ ಏನು ಮಾಡಬೇಕೆಂಬ ಸಂದೇಹವಿದ್ದರೆ ಪೂಜ್ಯರಲ್ಲಿ ಅರಿಕೆ ಮಾಡಿಕೊಳ್ಳಿ, ಆದರೆ ಚಿಕಿತ್ಸೆಯನ್ನು ತಡಮಾಡಬೇಡಿ. ಈ ಸಂದಿಗ್ಧವೇ ಬಾರದಂತೆ ಮಾಡುವ ಒಂದು ದಾರಿ ನಮ್ಮ ಕೈಯಲ್ಲಿದೆ. ಅದು ಮನುಷ್ಯರು ಮನುಷ್ಯರಿಗೆ ಕೊಡುವ ಚರ್ಮ.

ಚರ್ಮದಾನ

ಮರಣಾನಂತರ 6 ಗಂಟೆಯೊಳಗೆ ಚರ್ಮವನ್ನು ದಾನ ಮಾಡಬಹುದು. 18 ವರ್ಷ ತುಂಬಿದ ಯಾರಾದರೂ ದಾನಿಗಳಾಗಬಹುದು. ವೃದ್ಧರೂ, ಮಧುಮೇಹ ರಕ್ತದೊತ್ತಡ ಇದ್ದವರೂ ಸಾಮಾನ್ಯವಾಗಿ ಅರ್ಹರೇ. ರಕ್ತದ ಗುಂಪು ಹೊಂದಬೇಕಾಗಿಲ್ಲ. ಎಚ್.ಐ.ವಿ., ಯಕೃತ್ತಿನ ಉರಿಯೂತದ ಬಿ ಮತ್ತು ಸಿ ವೈರಾಣು, ಚರ್ಮದ ಕ್ಯಾನ್ಸರ್, ರಕ್ತದ ಸೋಂಕು ಇದ್ದವರಿಂದ ಪಡೆಯುವುದಿಲ್ಲ. ತಂಡವೇ ಮನೆಗೋ ಆಸ್ಪತ್ರೆಗೋ ಬಂದು, ಮನೆಯವರ ಒಪ್ಪಿಗೆ ಪಡೆದು, ತೊಡೆ, ಕಾಲು, ಬೆನ್ನಿನಿಂದ ತೆಳುವಾದ ಮೇಲ್ಪದರವನ್ನಷ್ಟೇ ತೆಗೆದು ಪಟ್ಟಿ ಕಟ್ಟುತ್ತದೆ. ಸುಮಾರು ಮುಕ್ಕಾಲು ಗಂಟೆಯ ಕೆಲಸ. ಗ್ಲಿಸರಾಲ್‌ನಲ್ಲಿ ಸಂಸ್ಕರಿಸಿ ತಂಪಿನಲ್ಲಿಟ್ಟ ಈ ಚರ್ಮ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿಯೂ ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆಯಲ್ಲಿಯೂ ಚರ್ಮ ಬ್ಯಾಂಕುಗಳಿವೆ.

ನೇತ್ರದಾನಕ್ಕೆ ಒಪ್ಪುವ ಮನೆಗಳೂ ಚರ್ಮದಾನವೆಂದರೆ ಹಿಂಜರಿಯುವುದನ್ನು ನಾವು ಕಂಡಿದ್ದೇವೆ. "ನಮ್ಮವರನ್ನು ಕೂರಿಸಿ ಸಮಾಧಿ ಮಾಡುತ್ತೇವೆ, ಮೈ ವಿಕಾರವಾದರೆ ಹೇಗೆ?" ಎಂದು ಹಿರಿಯರೊಬ್ಬರು ಕೇಳಿದ್ದರು. ಪ್ರಶ್ನೆ ನ್ಯಾಯವಾದುದು, ಉತ್ತರವೂ ಸ್ಪಷ್ಟವಾಗಿದೆ. ಮುಖ, ಎದೆ, ಕೈಗಳನ್ನು ಮುಟ್ಟುವುದಿಲ್ಲ. ಇಷ್ಟಲಿಂಗವಿರಿಸುವ ಅಂಗೈ, ವಿಭೂತಿ ಧರಿಸುವ ಹಣೆ ಇದ್ದಂತೆಯೇ ಇರುತ್ತವೆ. ರಕ್ತ ಸುರಿಯುವುದಿಲ್ಲ. ಪಟ್ಟಿ ಬಟ್ಟೆಯೊಳಗೆ ಮರೆಯಾಗುತ್ತದೆ. ಕುಳ್ಳಿರಿಸಲೂ ಅಡ್ಡಿಯಿಲ್ಲ. ಒಂದೇ ಎಚ್ಚರಿಕೆ: ಚರ್ಮ ಪಡೆಯಲು ದೇಹ ಮಲಗಿರಬೇಕು. ಆದ್ದರಿಂದ ಕುಳ್ಳಿರಿಸುವ ಮುನ್ನವೇ ಬ್ಯಾಂಕಿಗೆ ತಿಳಿಸಬೇಕು. ತಂಡ ಬರುವವರೆಗೆ ಫ್ಯಾನ್ ನಿಲ್ಲಿಸಿ ದೇಹವನ್ನು ತಂಪಾದ ಸ್ಥಳದಲ್ಲಿಡಬೇಕು. ಪೊಲೀಸ್ ತನಿಖೆಯ ಸಂದರ್ಭಗಳಲ್ಲಿ ಅವರ ಅನುಮತಿಯೂ ಬೇಕು.

ಬದುಕಿರುವಾಗ ಬರೆದುಕೊಟ್ಟ ಪ್ರತಿಜ್ಞೆಪತ್ರ ಪೆಟ್ಟಿಗೆಯಲ್ಲಿದ್ದರೆ ಸಾಲದು. ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಮನೆಯವರು. ಅವರು ದುಃಖದಲ್ಲಿರುತ್ತಾರೆ, ಇರುವುದು ಆರೇ ಗಂಟೆ. ಹಾಗಾಗಿ ಇಂದೇ ಊಟದ ಹೊತ್ತಿನಲ್ಲಿ ಮಕ್ಕಳಿಗೆ, ಸೊಸೆಯಂದಿರಿಗೆ ನಿಮ್ಮ ಇಚ್ಛೆಯನ್ನು ಬಾಯಿಬಿಟ್ಟು ಹೇಳಿ. ಹತ್ತಿರದ ಚರ್ಮ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ವಿಚಾರಿಸಿ ದೇವರ ಕೋಣೆಯ ಪಂಚಾಂಗದ ಮೇಲೆ ಬರೆದಿಡಿ. ತಮ್ಮ ಊರಿಗೆ ತಂಡ ಆರು ಗಂಟೆಯೊಳಗೆ ತಲುಪಬಲ್ಲದೇ ಎಂದೂ ಕೇಳಿಕೊಳ್ಳಿ.

ನಮಗೀಗ ಅರವತ್ತು ದಾಟಿದೆ. ನಾವೂ ನಮ್ಮ ಮನೆಯವರೂ ಈ ಮಾತು ಆಡಿಕೊಂಡಿದ್ದೇವೆ. ಅಂದು ಮುದುಡಿದ ಬೆರಳುಗಳ ಆ ಬಾಲಕಿ ಇಂದು ತಾಯಿ. ಕಸಿಯಾದ ಆ ಕೈಯಿಂದಲೇ ರೊಟ್ಟಿ ತಟ್ಟುತ್ತಾಳೆ. ಅವಳಿಗೆ ಅವಳ ತೊಡೆಯ ಚರ್ಮವೇ ಸಾಕಾಯಿತು. ಸಾಲದವರಿಗೆ ಕೊಡಬೇಕಾದವರು ನಾವು.